ಕಾಣಿಕೆ ಅಲ್ಲೇ ಬಿಟ್ಟು ಹೋದ ಮೇಲೆ: ಅಕ್ಕನ ಪಾಲಿನ ಎರಡು ವರ್ಷ

2024ರ ಫೆಬ್ರವರಿಯ ಮೊದಲ ಭಾನುವಾರ. ನಮ್ಮ ಚರ್ಚಿನ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ವಿಧಿ. ಸತ್ಯವೇದದ, ಅಂದರೆ ಬೈಬಲಿನ, ಹೊಸ ಒಡಂಬಡಿಕೆಯ ಪಾಠ ಓದುವ ಸರದಿ ನನ್ನದಿತ್ತು. ಸರದಿಯ ಪಟ್ಟಿಯನ್ನು ಬೋರ್ಡಿಗೆ ಹಚ್ಚಿದ್ದರು, ನನ್ನ ಹೆಸರು ನೋಡಿದ್ದೆ, ಯಾವ ಭಾಗ ಎಂದು ನೋಡಿರಲಿಲ್ಲ. ಎದ್ದು ಹೋಗಿ, ಕನ್ನಡಕ ಹಾಕಿಕೊಂಡು, ನಿಶಾನಿ ಇಟ್ಟಿದ್ದ ಪುಟ ತೆರೆದಾಗಲೇ ಗೊತ್ತಾಗಿದ್ದು: ಮತ್ತಾಯ 5ನೆಯ ಅಧ್ಯಾಯ, 21ರಿಂದ 26.

ಕಾಣಿಕೆ ತಂದವನಿಗೆ, ತನ್ನ ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗಬೇಕು ಅನ್ನುವ ಮಾತು. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಅದರ ಬೆನ್ನಿಗೇ 25ನೆಯ ವಚನ: ಕೋರ್ಟಿಗೆ ಹೋಗುವ ದಾರಿಯಲ್ಲೇ ಎದುರಾಳಿಯೊಂದಿಗೆ ಬೇಗ ರಾಜಿಯಾಗು. ಅಕ್ಕ ನನ್ನ ಮೇಲೆ ಹಾಕಿದ್ದ ಪಾಲಿನ ದಾವೆಯ ತಾರೀಖು ಆ ಗುರುವಾರವೇ ಇತ್ತು. ಸಭೆಯ ಅರ್ಧ ಜನಕ್ಕೆ ಅದು ಗೊತ್ತಿತ್ತು. ಗಂಡಸರ ಸಾಲಿನಲ್ಲಿ ಯಾರೋ ಕೆಮ್ಮಿದರು.

ಪಾಠ ಮುಗಿಸಿ ಬಂದು ಕೂತೆ. ಕಾಣಿಕೆ ಚೀಲ ಬಂದಾಗ ಕೈಯಲ್ಲಿದ್ದ 500ರ ನೋಟು ಹಾಕಲು ಆಗಲಿಲ್ಲ. ಚೀಲವನ್ನು ಪಕ್ಕದವರಿಗೆ ದಾಟಿಸಿ, ನೋಟನ್ನು ಸತ್ಯವೇದದ ನಡುವೆ ಇಟ್ಟುಕೊಂಡೆ. ಭೋಜನಕ್ಕೂ ಏಳಲಿಲ್ಲ. ಇಂಥ ಜಗಳ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಇದೆ, ಏನು ಮಾಡಬೇಕು ಎಂದು ತಿಳಿಯದೆ ಜನ ಹತ್ತು ಹತ್ತು ವರ್ಷ ಕೂತಿದ್ದಾರೆ. ನಾನು ಎಡವಿದ ಜಾಗಗಳು ಅವರಿಗೆ ಗೊತ್ತಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮ್ಮದು ಗದಗ ಸೀಮೆಯ ಊರು, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಕಾಲದಿಂದ ಬಂದ ಸಭೆ. ಮಿಷನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದರು. ನಮ್ಮ ಮುತ್ತಜ್ಜನ ದೀಕ್ಷಾಸ್ನಾನ ಅದರ ಎಷ್ಟೋ ವರ್ಷದ ಮೇಲಿನದು. ಅಪ್ಪ 2011ರಲ್ಲಿ ತೀರಿಕೊಂಡರು, ಉಯಿಲು ಬರೆದಿರಲಿಲ್ಲ. ಐದು ಅಂಕಣದ ಮನೆ, ಅದರ ಹಿಂದೆ ಖುಲ್ಲಾ ಜಾಗ, ಅದರಲ್ಲಿ ಅವ್ವ ಹಚ್ಚಿದ ನುಗ್ಗಿಗಿಡ. ಮಕ್ಕಳು ಮೂವರು: ಅಕ್ಕ ಹುಬ್ಬಳ್ಳಿಯಲ್ಲಿ, ನಾನು ಮನೆಯಲ್ಲಿ, ತಮ್ಮ ಪುಣೆಯಲ್ಲಿ.

ಅಪ್ಪ ಹೋದ ಮರುವರ್ಷ ನಾನು ಒಂದು ಕೆಲಸ ಮಾಡಿದೆ. ನೂರು ರೂಪಾಯಿ ಬಾಂಡ್ ತಂದು, ಅದರಲ್ಲಿ ‘ಮದುವೆಯಲ್ಲಿ ಬಂಗಾರ ಕೊಟ್ಟಿದ್ದಾರೆ, ಆಸ್ತಿಯಲ್ಲಿ ನನಗೆ ಹಕ್ಕಿಲ್ಲ’ ಎಂದು ಬರೆಸಿ, ಅಕ್ಕನ ಮುಂದೆ ಹಿಡಿದೆ. ಅವಳು ಓದದೆ ಸಹಿ ಮಾಡಿದಳು. ಓದದೇ ಮಾಡುತ್ತಾಳೆಂದು ಗೊತ್ತಿದ್ದೇ ಹಿಡಿದಿದ್ದೆ. ಓಣಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು, ಹೆಣ್ಣುಮಕ್ಕಳದ್ದು ಮದುವೆಯಲ್ಲೇ ಮುಗೀತು ಅಂತ. 2019ರಲ್ಲಿ ಅವ್ವ ಹೋದಳು. 2022ರಲ್ಲಿ ಅಕ್ಕ ದಾವೆ ಹಾಕಿದಳು.

ಮೊದಲ ತಿಳಿವಳಿಕೆ ಬಂದಿದ್ದು ವಕೀಲರ ಆಫೀಸಿನಲ್ಲಿ, ಅದೂ ತಡವಾಗಿ. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಉಯಿಲಿಲ್ಲದೆ ತಂದೆ ಸತ್ತರೆ ವಿಧವೆಗೆ ಮೂರರಲ್ಲಿ ಒಂದು, ಉಳಿದ ಎರಡು ಭಾಗ ಮಕ್ಕಳಿಗೆ ಸಮನಾಗಿ. ಗಂಡು ಹೆಣ್ಣು ಎಂಬ ಭೇದ ಇಲ್ಲ, ಮದುವೆ ಆಗಿದೆಯೋ ಇಲ್ಲವೋ ಎಂಬ ಪ್ರಶ್ನೆಯೂ ಇಲ್ಲ. ನಮ್ಮಲ್ಲಿ ಅಪ್ಪನ ಕಾಲಕ್ಕೆ ಮಕ್ಕಳಿಗೆ ತಲಾ ಒಂಬತ್ತರಲ್ಲಿ ಎರಡು ಬಂತು, ಅವ್ವನ ಕಾಲಕ್ಕೆ ಅವಳದ್ದರಲ್ಲಿ ಇನ್ನೊಂದೊಂದು. ಕೂಡಿಸಿದರೆ ಸರಿಯಾಗಿ ಮೂರರಲ್ಲಿ ಒಂದು. ನಾನು ಬರೆಸಿದ ಬಾಂಡು? ಸ್ಥಿರಾಸ್ತಿಯ ಹಕ್ಕುಬಿಡುಗಡೆ ನೋಂದಣಿ ಆಗದಿದ್ದರೆ ಅದಕ್ಕೆ ಬೆಲೆಯಿಲ್ಲ. ‘ಚುರುಮುರಿ ಕಟ್ಟಾಕ ಬರ್ತೈತಿ’ ಅಂದರು ವಕೀಲರು. ಆದರೂ ಕೇಸನ್ನು ಹತ್ತು ವರ್ಷ ಎಳೆಯಬಹುದು ಎಂಬ ಧೈರ್ಯ ಕೊಟ್ಟರು. ಆ ಧೈರ್ಯವನ್ನೇ ಎರಡು ವರ್ಷ ಉಂಡಿದ್ದೆ.

ಪಾಠ ಓದಿದ ಮೇಲೆ ಸೀದಾ ಅಕ್ಕನ ಮನೆಗೆ ಓಡಿದೆ ಎಂದುಕೊಳ್ಳಬೇಡಿ. ಎರಡು ತಿಂಗಳು ಹೋಗಲೇ ಇಲ್ಲ. ಆ ವಚನದಲ್ಲಿ ಒಂದು ಸೂಕ್ಷ್ಮ ಇದೆ: ‘ನಿನಗೆ ಅವನ ಮೇಲೆ ಸಿಟ್ಟಿದ್ದರೆ’ ಅಂತಿಲ್ಲ, ‘ಅವನಿಗೆ ನಿನ್ನ ಮೇಲೆ ಇದ್ದರೆ’ ಅಂತಿದೆ. ಅದನ್ನು ಎಷ್ಟು ಸಲ ತಿರುವಿ ಹಾಕಿ ಓದಿದರೂ ಹೋಗಬೇಕಾದವನು ನಾನೇ ಆಗುತ್ತಿದ್ದೆ. ಮಾರ್ಚಿನಲ್ಲೂ ಏಪ್ರಿಲಿನಲ್ಲೂ ಭೋಜನದ ಹೊತ್ತಿಗೆ ಕೂತಲ್ಲೇ ಕೂತೆ. ‘ನೀವು ಹಿಂಗ ಕುಂತ್ರ ಮಂದಿ ಏನೇನೋ ತಿಳ್ಕೋತಾರ’ ಅಂತ ಹೆಂಡತಿ ಮುನಿಸಿಕೊಂಡಳು. ಅದೂ ನಿಜ. ಒಬ್ಬರು ಬಂದು ‘ಶುಗರ್ ಏನಾರ ಬಂತೇನು, ದ್ರಾಕ್ಷಾರಸ ಬಿಟ್ಟೀರಿ?’ ಎಂದು ಕೇಳಿದರು.

ಏಪ್ರಿಲ್ ಮೂರನೆಯ ವಾರ ಹೋದೆ. ಬರಿಗೈಲಿ ಹೋಗಬಾರದೆಂದು ಹಿತ್ತಲಿನ ನುಗ್ಗಿಕಾಯಿ ಒಂದು ಕಟ್ಟು ಕಟ್ಟಿಕೊಂಡಿದ್ದೆ. ಹುಬ್ಬಳ್ಳಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ, ಹೇಳಬೇಕಾದ ಮಾತು ಬಾಯಿಪಾಠ ಮಾಡಿಕೊಳ್ಳುತ್ತ. ಅಕ್ಕ ಬಾಗಿಲು ತೆಗೆದಳು. ಕಟ್ಟು ನೋಡಿದಳು. ಒಂದು ಕಾಯಿ ಎಳೆದು ತಗೊಂಡು, ಬೆರಳಿನಿಂದ ಬಗ್ಗಿಸಿ ಎಳೆಯದೋ ಬಲಿತದ್ದೋ ನೋಡಿದಳು. ಅವ್ವ ಹಾಗೇ ನೋಡುತ್ತಿದ್ದಳು.

‘ಇದರಾಗ ನನ್ನ ಪಾಲು ಎಷ್ಟು ಕಾಯಿ?’

ನನಗೆ ಬಾಯಿಪಾಠ ಎಲ್ಲ ಮರೆತುಹೋಯಿತು. ‘ಆಗಿದ್ದು ಆಗಿಹೋತು ಅಕ್ಕಾ, ಕ್ಷಮಿಸಿಬಿಡು’ ಅಂದೆ. ಅವಳು ಕೇಳಿದ್ದು ಒಂದೇ ಮಾತು: ‘ಕ್ಷಮಾ ಕೇಳಾಕ ಬಂದೀಯೋ, ಕೇಸ್ ತಗಿ ಅನ್ನಾಕ ಬಂದೀಯೋ?’ ನಿಜ ಹೇಳಬೇಕೆಂದರೆ ಎರಡಕ್ಕೂ ಹೋಗಿದ್ದೆ. ಭಾವ ಒಳಗಿನ ಕೋಣೆಯಿಂದ ಹೊರಗೆ ಬರಲೇ ಇಲ್ಲ. ಚಹಾ ಕೊಟ್ಟಳು, ಕುಡಿದು ಬಂದೆ.

ಇದು ನನ್ನ ಮೊದಲ ಸೋಲು. ನೀವು ಹೋಗುವುದಾದರೆ ಕೇಸಿನ ಸುದ್ದಿ ಎತ್ತಬೇಡಿ. ‘ಆಗಿದ್ದು ಆಗಿಹೋತು’ ಎನ್ನುವ ಮಾತಂತೂ ಬೇಡವೇ ಬೇಡ. ಅದು ಕ್ಷಮೆ ಕೇಳಿದ ಹಾಗಲ್ಲ, ಲೆಕ್ಕ ಮುಚ್ಚಿದ ಹಾಗೆ. ಏನು ಮಾಡಿದಿರೋ ಅದರ ಹೆಸರು ಹೇಳಿ. ‘ಓದಿಸದೆ ಸಹಿ ಮಾಡಿಸಿಕೊಂಡೆ’ ಎಂದು ನಾನು ಬಾಯಿಬಿಟ್ಟು ಹೇಳಿದ್ದು ಮೂರನೆಯ ಸಲ ಹೋದಾಗ. ಆಮೇಲೇ ಅವಳು ಎದುರಿಗೆ ಕೂತು ಮಾತಾಡಿದ್ದು.

ನಡುವೆ ಸಭಾಪಾಲಕರ ಹತ್ತಿರ ಹೋಗಿದ್ದೆ, ಭೋಜನಕ್ಕೆ ದೂರ ಉಳಿಯುವುದು ಸರಿಯೋ ತಪ್ಪೋ ಎಂದು ಕೇಳಲು. ಅವರು 1 ಕೊರಿಂಥ, ಅಂದರೆ ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರ, ಅದರ 11ನೆಯ ಅಧ್ಯಾಯ ತೆಗೆದು 28ನೆಯ ವಚನ ತೋರಿಸಿದರು. ತನ್ನನ್ನು ತಾನು ಪರೀಕ್ಷಿಸಿಕೊಂಡು ಆಮೇಲೆ ತಿನ್ನಬೇಕು ಎಂದಿದೆಯೇ ಹೊರತು, ಪರೀಕ್ಷಿಸಿಕೊಂಡು ಮನೆಗೆ ಹೋಗಬೇಕು ಎಂದಿಲ್ಲ ಎಂದರು. ‘ಆದರ ನೀವು ಹೊಂಟ ದಾರಿ ಸರಿ ಐತಿ. ಹೋಗಿ ಬರ್ರಿ, ಕೂಡೇ ಇರೋಣು.’ ಭಾರ ಇಳಿಯಲಿಲ್ಲ. ಆದರೂ ಒಬ್ಬನೇ ಹೊತ್ತುಕೊಂಡಿಲ್ಲ ಅನ್ನಿಸಿತು.

ಮತ್ತಾಯ 18ರ ಕ್ರಮ ಎಲ್ಲರಿಗೂ ಗೊತ್ತು: ಮೊದಲು ಒಬ್ಬನೇ, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು, ಆಗದಿದ್ದರೆ ಸಭೆಗೆ. ಆದರೆ ಆ ಕ್ರಮ ತಪ್ಪು ಮಾಡಿದವನ ಹತ್ತಿರ ಹೋಗುವವರಿಗೆ. ನಮ್ಮಲ್ಲಿ ತಪ್ಪು ಮಾಡಿದವನು ನಾನು, ಹೋಗುತ್ತಿರುವವನೂ ನಾನೇ. ಹಾಗಾಗಿ ನನ್ನ ಕಡೆಯ ಜನರನ್ನು ಕರೆದೊಯ್ದರೆ ಅದು ಪಂಚಾಯ್ತಿ ಆಗುತ್ತಿತ್ತು. ಅಕ್ಕನಿಗೆ ಬೇಕಾದವರನ್ನು ಅಕ್ಕನೇ ಹೇಳಲಿ ಎಂದೆ. ಅವಳು ಹೇಳಿದ್ದು ನಮ್ಮಿಬ್ಬರಿಗೂ ನಾಲ್ಕನೆಯ ಇಯತ್ತೆಯಲ್ಲಿ ಕಲಿಸಿದ, ಈಗ ಎಂಬತ್ತು ದಾಟಿದ ಟೀಚರಮ್ಮನ ಹೆಸರು. ಇದು ದೊಡ್ಡ ಪುಣ್ಯದ ಕೆಲಸ ಆಯಿತು. ಆಕೆಯ ಮುಂದೆ ನಾವಿಬ್ಬರೂ ಒಂಬತ್ತು ವರ್ಷದವರು.

ಅಷ್ಟರಲ್ಲಿ ಇನ್ನೊಂದು ಕಡೆ ಬೆಂಕಿ ಹತ್ತಿತು. ಕಮಿಟಿಯ ಒಬ್ಬ ಹಿರಿಯರು ಒಂದು ಮದುವೆಯಲ್ಲಿ ಅಕ್ಕನನ್ನು ನಿಲ್ಲಿಸಿ, ವಿಶ್ವಾಸಿ ತನ್ನ ಸಹೋದರನ ಮೇಲೆ ಕೋರ್ಟಿಗೆ ಹೋಗುವುದು ಪಾಪ, 1 ಕೊರಿಂಥ 6 ಓದಿಲ್ಲವಾ ಎಂದು ಕೇಳಿದ್ದರು. ಎರಡು ತಿಂಗಳ ಕೆಲಸ ನೀರಿಗೆ ಹೋಯಿತು. ಈ ಅಧ್ಯಾಯವನ್ನು ನಮ್ಮಲ್ಲಿ ಬಹಳ ಜನ 7ನೆಯ ವಚನಕ್ಕೆ ನಿಲ್ಲಿಸುತ್ತಾರೆ: ಅನ್ಯಾಯವನ್ನೇ ಸಹಿಸಿಕೊಳ್ಳಬಾರದೇ ಎಂಬಲ್ಲಿಗೆ. ಪೌಲ ಅಲ್ಲಿಗೆ ನಿಲ್ಲಿಸುವುದಿಲ್ಲ. 8ನೆಯ ವಚನದಲ್ಲಿ ಅನ್ಯಾಯ ಮಾಡುವವರ ಕಡೆಗೆ, ಸಹೋದರರನ್ನೇ ವಂಚಿಸುವವರ ಕಡೆಗೆ ತಿರುಗುತ್ತಾನೆ. ಆ ಹಿರಿಯರು ಬೈಯಬೇಕಿದ್ದದ್ದು ನನ್ನನ್ನು. ಅವರ ಮನೆಗೇ ಹೋಗಿ ಹಾಗಂತ ಹೇಳಿ ಬಂದೆ. ನನ್ನ ಜೀವನದಲ್ಲಿ ನನ್ನ ವಿರುದ್ಧ ನಾನೇ ವಾದ ಮಾಡಿದ್ದು ಅದೊಂದೇ ಸಲ.

ಅಕ್ಕನಿಗೆ ಯಾರ ವಕಾಲತ್ತೂ ಬೇಕಿರಲಿಲ್ಲ ಅನ್ನುವುದು ಬೇರೆ ಮಾತು. ಟೀಚರಮ್ಮನ ಮನೆಯಲ್ಲಿ ಕೂತಾಗ ಅವಳು ಸತ್ಯವೇದದ ಅರಣ್ಯಕಾಂಡ 27 ತೆಗೆದಳು. ತಂದೆ ಸತ್ತ ಐವರು ಹೆಣ್ಣುಮಕ್ಕಳು ಗುಡಾರದ ಬಾಗಿಲಲ್ಲಿ, ಮೋಶೆ, ಯಾಜಕ, ಇಡೀ ಸಮೂಹದ ಮುಂದೆ ನಿಂತು ನಮ್ಮ ಪಾಲು ಕೊಡಿ ಎಂದು ಕೇಳುತ್ತಾರೆ. ಅವರು ಕೇಳಿದ್ದು ನ್ಯಾಯ ಎಂದು ದೇವರೇ ಹೇಳುತ್ತಾನೆ. ಅವಳ ಸತ್ಯವೇದದಲ್ಲಿ ಆ ಪುಟಕ್ಕೆ ಪೆನ್ಸಿಲ್ ಗೆರೆ ಇತ್ತು, ಹಳೆಯದು. ಎಷ್ಟು ವರ್ಷದ್ದೋ ಕೇಳಲಿಲ್ಲ.

ಹೇಗೆ ಹಂಚುವುದು ಎಂಬುದಕ್ಕೆ ಆರು ತಿಂಗಳು ಹೋಯಿತು. ಐದು ಅಂಕಣವನ್ನು ಮೂರು ಮಾಡಲು ಬರುವುದಿಲ್ಲ. ಮಾರಿ ಹಂಚೋಣ ಎಂದು ತಮ್ಮ ಹಟ ಹಿಡಿದ. ಆಗ ಟೀಚರಮ್ಮ ಅಬ್ರಾಮ ಮತ್ತು ಲೋಟರ ಕತೆ ನೆನಪಿಸಿದರು. ಆದಿಕಾಂಡ 13ರಲ್ಲಿ ದೊಡ್ಡವನಾದ ಅಬ್ರಾಮನೇ ಚಿಕ್ಕವನಿಗೆ ಮೊದಲು ಆರಿಸಿಕೋ ಎನ್ನುತ್ತಾನೆ. ‘ಹಿಡಕೊಂಡು ಕುಂತಾಂವ ಮೊದಲು ಕೈ ಬಿಡಬೇಕೋ ತಮ್ಮಾ’ ಅಂದರು. ನಾನು ಅಕ್ಕನಿಗೆ ಮೊದಲು ಆರಿಸಲು ಬಿಟ್ಟೆ. ಮನೆಯನ್ನೇ ಕೇಳುತ್ತಾಳೆ ಎಂದು ಎದೆ ಡವಡವ ಅನ್ನುತ್ತಿತ್ತು, ಸುಳ್ಳೇಕೆ ಹೇಳಲಿ. ಅವಳು ಹಿಂದಿನ ಖುಲ್ಲಾ ಜಾಗ ಕೇಳಿದಳು, ನುಗ್ಗಿಗಿಡದ ಸಮೇತ. ಇಬ್ಬರು ತಿಳಿದವರಿಂದ ಬೆಲೆ ಕಟ್ಟಿಸಿದೆವು: ಮನೆಗೆ 18 ಲಕ್ಷ, ಜಾಗಕ್ಕೆ 9. ಮನೆ ನನಗೆ, ತಮ್ಮನ 9 ಲಕ್ಷ ನಾನು ಕೊಡುವುದು. ಉಳಿತಾಯ ನಾಲ್ಕು ಲಕ್ಷ ಇತ್ತು, ಐದು ಸೊಸೈಟಿ ಸಾಲ. ಕಂತು ಇನ್ನೂ ನಡೆದಿದೆ.

ಕಾಗದಪತ್ರದ ವಿಷಯ ಈಗ ಹೇಳುತ್ತೇನೆ, ಯಾಕೆಂದರೆ ಮನಸ್ಸು ಒಂದಾದರೂ ಇಲ್ಲಿ ಮತ್ತೆ ಒಡೆಯುವ ಸಾಧ್ಯತೆ ಇದೆ. ಬಾಯಿಮಾತಿನ ರಾಜಿಗೆ ಕೇಸು ವಾಪಸ್ ತೆಗೆಸಬೇಡಿ. ಅಕ್ಕ ತೆಗೆಯುತ್ತೇನೆ ಎಂದಾಗ ಬೇಡ ಎಂದೆ. ನಾಳೆ ನಾನು ಸತ್ತರೆ ನನ್ನ ಮಕ್ಕಳಿಗೆ ಈ ಮಾತು ಗೊತ್ತಿರುವುದಿಲ್ಲ. ರಾಜಿ ಅರ್ಜಿ ಬರೆಸಿ, ಕೇಸುಗಳನ್ನು ರಾಜಿಯಲ್ಲಿ ಮುಗಿಸುವ ಲೋಕ ಅದಾಲತ್‌ನಲ್ಲಿ ಇಡುವುದು ಚೊಲೊ. ರಾಷ್ಟ್ರೀಯ ಲೋಕ ಅದಾಲತ್ ವರ್ಷಕ್ಕೆ ನಾಲ್ಕು ಸಲ ನಡೆಯುತ್ತದೆ. ಅಲ್ಲಿ ಆದ ತೀರ್ಮಾನಕ್ಕೆ ಕೋರ್ಟಿನ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಅಪೀಲು ಇಲ್ಲ. ಅಪೀಲು ಇಲ್ಲ ಎಂಬ ಕಾರಣಕ್ಕೇ ಅರ್ಜಿಯ ಒಂದೊಂದು ಸಾಲನ್ನೂ ಓದಿ. ಅಕ್ಕನ ವಕೀಲರು ಅಕ್ಕನವರೇ ಇರಲಿ, ನಿಮ್ಮ ವಕೀಲರಿಂದಲೇ ಎರಡೂ ಕಡೆಯದು ಬರೆಸಬೇಡಿ. ಒಮ್ಮೆ ಓದಿಸದೆ ಸಹಿ ಹಾಕಿಸಿಕೊಂಡವನು ನಾನು, ಈ ಸಲ ಅವಳು ಎರಡು ಸಲ ಓದಿ, ಮೂರು ಕಡೆ ತಿದ್ದಿಸಿ, ಒಂದು ವಾರ ಇಟ್ಟುಕೊಂಡು ಕೊಟ್ಟಳು. ನನ್ನ ವಕೀಲರು ಸಿಡಿಮಿಡಿಗೊಂಡರು. ನಾನು ಸುಮ್ಮನಿದ್ದೆ.

ಎರಡು ಕಡೆ ಸಿಕ್ಕಿಬಿದ್ದೆವು. ಅರ್ಜಿಗೆ ನಕ್ಷೆ ಇರಲಿಲ್ಲ. ಜಾಗ ಒಡೆಯುವಾಗ ಅಳತೆ, ಚಕ್ಕುಬಂದಿ, ಹಿತ್ತಲಿಗೆ ಹೋಗುವ ದಾರಿ ಎಲ್ಲ ನಕ್ಷೆಯಲ್ಲಿ ಕಾಣಬೇಕು. ದಾರಿಯ ಆರು ಅಡಿ ಬರೆಯದೇ ಹೋಗಿದ್ದರೆ ಮುಂದಿನ ತಲೆಮಾರಿಗೆ ಹೊಸ ಕೇಸು ತಯಾರಿತ್ತು. ನಕ್ಷೆಗೆ 6,000 ಮತ್ತು ಒಂದು ಅದಾಲತ್ತಿನ ಅವಕಾಶ ಎರಡೂ ಹೋದವು, ಮುಂದಿನದಕ್ಕೆ ಮೂರು ತಿಂಗಳು ಕಾದೆವು.

ಎರಡನೆಯದು ಹೆಸರು. ಅಕ್ಕನ ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಅಪ್ಪನ ಮಗಳು ಎಂಬುದಕ್ಕೆ ಗಟ್ಟಿ ದಾಖಲೆ ಕೊನೆಗೆ ಸಿಕ್ಕಿದ್ದು ಸಭೆಯ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ. ಚರ್ಚಿನ ವೆಸ್ಟ್ರಿ ಕೋಣೆಯ ಕಪಾಟಿನಿಂದ ತೆಗೆದಾಗ ರಟ್ಟು ಕೈಗೆ ಬಂತು, ಗೆದ್ದಲು ಮೂಲೆ ತಿಂದಿತ್ತು. ನೀಲಿ ಶಾಯಿ ಕಂದು ಆಗಿದೆ. ಅಕ್ಕ, ನಾನು, ತಮ್ಮ, ನಡುವೆ ಬೇರೆಯವರ ಮಕ್ಕಳು. ಮೂರೂ ಕಡೆ ಅಪ್ಪನ ಸಹಿ, ಅದೇ ಕೊನೆಯ ಅಕ್ಷರದ ಉದ್ದ ಬಾಲ. ಅಕ್ಕನದರ ಎದುರಿಗೆ ಸಹಿ ಸ್ವಲ್ಪ ದೊಡ್ಡದು. ಮೊದಲ ಕೂಸಲ್ಲವೇ. ಪ್ರಮಾಣಪತ್ರ ಬರೆದು ಕೊಡಲು ಸಭಾಪಾಲಕರು ದುಡ್ಡು ತೆಗೆದುಕೊಳ್ಳಲಿಲ್ಲ. ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿದೆವು. ನಿಮ್ಮ ಮನೆಯಲ್ಲಿ ಮದುವೆಯಾದ ಹೆಣ್ಣುಮಕ್ಕಳಿದ್ದರೆ ಈ ಹೆಸರಿನ ಗೊಂದಲವನ್ನು ಇವತ್ತೇ ನೋಡಿಕೊಳ್ಳಿ.

ಅಂದಹಾಗೆ ಆ 500ರ ನೋಟು. ಅದನ್ನು ಸಮಾಧಾನ ಆದ ದಿನ ಕಾಣಿಕೆ ಹಾಕುತ್ತೇನೆ ಎಂದು ಮತ್ತಾಯನ ಪುಟದಲ್ಲೇ ಇಟ್ಟಿದ್ದೆ. ಅಫಿಡವಿಟ್‌ನ ದಿನ ಕೋರ್ಟಿನ ಮುಂದಿನ ಝೆರಾಕ್ಸ್ ಅಂಗಡಿಯಲ್ಲಿ ಫೋನ್‌ಪೇ ನಡೆಯಲಿಲ್ಲ, ಜೇಬಿನಲ್ಲಿ ಚಿಲ್ಲರೆ ಇರಲಿಲ್ಲ. ಚೀಲದಲ್ಲಿ ಸತ್ಯವೇದ ಇತ್ತು. ಅಕ್ಕನ ಕಾಗದಕ್ಕೇ ಹೋಯಿತು, ಇರಲಿ.

ಖರ್ಚು ಕೇಳುವವರಿಗೆ: ನನ್ನ ವಕೀಲರ ಫೀ ಮೊದಲಿನಿಂದ ಕೊನೆಯವರೆಗೆ 45,000. ನಕಲು, ನೋಟರಿ, ಓಡಾಟ ಎಲ್ಲ ಸೇರಿ 11,000 ಹತ್ತಿರ. ತಮ್ಮನಿಗೆ ಅಧಿಕಾರಪತ್ರ ಮಾಡಿಸು ಎಂದೆವು, ಕಡೆಗೆ ಅವನೇ ಪುಣೆಯಿಂದ ಬಂದ, ಅದು ಬಹಳ ಒಳ್ಳೆಯದಾಯಿತು. ಪಾಲಿಗೆ ತಕ್ಕಂತೆ ಛಾಪಾ ಶುಲ್ಕ ಬೇರೆ ಇರುತ್ತದೆ, ನಿಮ್ಮ ಲೆಕ್ಕವನ್ನು ವಕೀಲರಿಂದ ಮೊದಲೇ ಬರೆಸಿಕೊಳ್ಳಿ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ದಾವೆ ಹಾಕಿದವರಿಗೆ ಕೋರ್ಟ್ ಫೀ ವಾಪಸ್ ಬರುತ್ತದೆ. ಅಕ್ಕ ಕಟ್ಟಿದ್ದೇ 200 ರೂಪಾಯಿ.

2025ರಲ್ಲಿ ಕಡೆಗೂ ಅದಾಲತ್ತಿನ ಶನಿವಾರ ಬಂತು. ಬೆಳಿಗ್ಗೆ ಹತ್ತರಿಂದ ಎರಡೂವರೆಯವರೆಗೆ ಒಂದೇ ಬೆಂಚಿನಲ್ಲಿ ಮೂವರೂ ಕೂತಿದ್ದೆವು. ಯಾರ ಒತ್ತಾಯವೂ ಇಲ್ಲದೆ ಒಪ್ಪಿದ್ದೀರಾ ಎಂದು ನ್ಯಾಯಾಧೀಶರು ಒಬ್ಬೊಬ್ಬರನ್ನೇ ಕೇಳಿದರು. ಅಕ್ಕ ‘ಓದಿ ಒಪ್ಪೀನ್ರಿ’ ಅಂದಳು. ಓದಿ ಎಂಬುದನ್ನು ಒತ್ತಿ ಹೇಳಿದಳು. ಎಲ್ಲ ಸೇರಿ ಐದು ನಿಮಿಷ. ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ಹೆಸರು ಬದಲಾಗಲು ಅದರ ಮೇಲೆ ಮತ್ತೆ ನಾಲ್ಕು ತಿಂಗಳು ಹಿಡಿಯಿತು. ಅರ್ಜಿ, ತಕರಾರಿಗೆ ನೋಟಿಸು, ಮತ್ತೆ ಅಳತೆ. ಡಿಕ್ರಿಯ ದೃಢೀಕೃತ ನಕಲು ಐದಾದರೂ ತೆಗೆಸಿಟ್ಟುಕೊಳ್ಳಿ, ಎಲ್ಲ ಕಡೆ ಒಂದೊಂದು ಕೇಳುತ್ತಾರೆ.

ಅದಾಲತ್ತಿನ ಮರುದಿನ ಭಾನುವಾರ ಆರಾಧನೆಗೆ ಅಕ್ಕ ಬಂದಳು. ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಆರಾಧನೆಯಲ್ಲಿ ಕಾಣಿಕೆಗೆ ಮೊದಲು ಸಮಾಧಾನ ಕೊಡುವ ಪದ್ಧತಿ ಇದೆ. ಹಲವು ಸಭೆಗಳು ಸೇರಿ 1947ರಲ್ಲಿ ಸಿ.ಎಸ್.ಐ. ಆದ ಮೇಲೆ 1950ರ ಆರಾಧನಾ ಕ್ರಮದಲ್ಲಿ ಅದು ಬಂತು, ಕೇರಳದ ಸುರಿಯಾನಿ ಕ್ರೈಸ್ತರಿಂದ ಕಲಿತದ್ದು ಎಂದು ಟೀಚರಮ್ಮ ಹೇಳುತ್ತಿದ್ದರು. ಕೊಡುವವರು ತಮ್ಮ ಬಲಗೈಯನ್ನು ತೆಗೆದುಕೊಳ್ಳುವವರ ಬಲಗೈಗೆ ಹಚ್ಚಿ, ಇಬ್ಬರೂ ಎಡಗೈಯನ್ನು ಮೇಲೆ ಮುಚ್ಚುತ್ತಾರೆ. ಪೀಠದಿಂದ ಹೊರಟ ಸಮಾಧಾನ ಕೈಯಿಂದ ಕೈಗೆ ಸಾಲಿನ ತುದಿಯವರೆಗೆ ಹೋಗುತ್ತದೆ. ಕಾಣಿಕೆಗೆ ಮೊದಲೇ ಯಾಕೆ ಎಂದು ನಾನು ಐವತ್ತು ವರ್ಷ ಯೋಚಿಸಿರಲಿಲ್ಲ. ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ, ಹಾಗಾಗಿ ಅಕ್ಕನ ಕೈ ನನಗೆ ಬರುವುದಿಲ್ಲ. ಅವತ್ತು ಅವಳು ನಡುವಿನ ದಾರಿ ದಾಟಿ ಬಂದಳು. ಅವಳ ಬಲಗೈ ಹೆಬ್ಬೆರಳಿನಲ್ಲಿ ಹಿಂದಿನ ದಿನದ ಹೆಬ್ಬೆಟ್ಟಿನ ಶಾಯಿ ಇನ್ನೂ ಹೋಗಿರಲಿಲ್ಲ.

ಭಾವ ಇನ್ನೂ ನನ್ನ ಜೊತೆ ಮಾತಾಡುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 12ರಲ್ಲಿ, ಸಾಧ್ಯವಿದ್ದರೆ, ನಿಮ್ಮಿಂದಾದಷ್ಟು ಮಟ್ಟಿಗೆ ಎಲ್ಲರ ಸಂಗಡ ಸಮಾಧಾನದಿಂದಿರಿ ಎಂದಿದೆ. ಆದಷ್ಟು ಮಾಡಿದ್ದೇನೆ. ಹೋದಾಗಲೆಲ್ಲ ನಮಸ್ಕಾರ ಮಾಡುತ್ತೇನೆ, ಅವರು ತಲೆ ಅಲ್ಲಾಡಿಸುತ್ತಾರೆ.

ಈ ಫೆಬ್ರವರಿ ಕೊನೆಗೆ ನಮ್ಮ ಸುಗ್ಗಿ ಹಬ್ಬ ಇತ್ತು. ಎಲ್ಲರೂ ತಂದ ಜೋಳ, ಕುಂಬಳಕಾಯಿ, ಕೋಳಿ, ರೊಟ್ಟಿ ಕಟ್ಟು ಪೀಠದ ಮುಂದೆ ಇಟ್ಟು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಅಕ್ಕ ತನ್ನ ಹಿತ್ತಲಿನ ನುಗ್ಗಿಕಾಯಿ ತಂದಿದ್ದಳು, ಮೊದಲ ಫಸಲು, ಹನ್ನೆರಡು ಕಾಯಿಯ ಕಟ್ಟು. ಕೂಗು 50ರಿಂದ ಶುರುವಾಯಿತು. ನಾನು 100 ಅಂದೆ. ಹಿಂದಿನಿಂದ ಯಾರೋ 150 ಅಂದರು, ತಿರುಗಿ ನೋಡಿದರೆ ಭಾವ. ನನ್ನ ಕಡೆ ನೋಡಲೇ ಇಲ್ಲ. ನಾನು 200, ಅವರು 250. ಜನ ನಗಲು ಶುರು ಮಾಡಿದರು. 500ಕ್ಕೆ ಬಂದಾಗ ಹೆಂಡತಿ ನನ್ನ ಅಂಗಿ ಜಗ್ಗಿದಳು. ನಾನು 600 ಅಂದೆ. ಅವರು ಕೊರಳು ಸರಿಮಾಡಿಕೊಂಡು 640 ಅಂದರು.

ಕಟ್ಟು ಭಾವನದಾಯಿತು. ಹೋಗುವಾಗ ಅಕ್ಕ ಅದರಲ್ಲಿ ನಾಲ್ಕು ಕಾಯಿ ಎಳೆದು, ಎಳೆಯವು ನೋಡಿ, ನನ್ನ ಹೆಂಡತಿಯ ಕೈಗೆ ಕೊಟ್ಟಳು. ಗೇಟಿನ ಹತ್ತಿರ ಭಾವ ಗಾಡಿ ಸ್ಟಾರ್ಟ್ ಮಾಡಿಕೊಂಡು, ಕೈಗಡಿಯಾರ ನೋಡುತ್ತ ನಿಂತಿದ್ದರು.